ಒರ್ಕಾ ಇಲ್ಲದ ಹನ್ನೊಂದು ದಿನ

ಸ್ವೀಡನ್ ದೇಶದ ಮಾತಿನಲ್ಲಿ ನನಗೆ ಸರಿಯಾಗಿ ಗೊತ್ತಿರುವ ಶಬ್ದ ಒಂದೇ. ಒರ್ಕಾ. ಅದನ್ನು ಕಲಿಸಿದವಳು ಆ ದೇಶದ ಒಬ್ಬ ಮುದುಕಿ, ಕಲಿತ ಜಾಗ ಜಿದ್ದಾದ ಒಂದು ಅಡುಗೆಮನೆ. ಅರ್ಥ ಗೊತ್ತಾದ ಮೇಲೂ ಆ ಮುದುಕಿಗೆ ನಾನು ಮಾಡಿದ್ದು ಒಳ್ಳೆಯದಲ್ಲ. ಹನ್ನೊಂದು ದಿನ ಅವಳು ಉಣ್ಣಲಿಲ್ಲ. ಹನ್ನೊಂದು ದಿನವೂ ನಾನು ಅವಳ ಮಗಳಿಗೆ "ಉಂಡರು" ಎಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳ ಹೊರಟರೆ ಸುತ್ತಿ ಬಳಸಿ ನನ್ನನ್ನೇ ಒಳ್ಳೆಯವಳು ಮಾಡಿಕೊಂಡೇನು.

ನಾನು ಕುಂದಾಪುರದ ಕಡೆಯವಳು. ಗಂಡ ಹೋದ ಮೇಲೆ ಈ ದೇಶಕ್ಕೆ ಬಂದೆ, ಈ ಮನೆಯ ಅಡುಗೆ ಕೆಲಸಕ್ಕೆ ಬಂದು ಒಂಬತ್ತು ವರ್ಷ. ಯಜಮಾನ ಇಲ್ಲಿಯವನೇ, ನನ್ನ ವೀಸಾಕ್ಕೆ ಹೊಣೆ ನಿಂತ ಕಫೀಲನೂ ಅವನೇ. ನಾವು ಬಾಬಾ ಅನ್ನುತ್ತೇವೆ. ವಾರದಲ್ಲಿ ಐದು ದಿನ ಅವನಿಗೆ ರಿಯಾದಿನಲ್ಲಿ ಕೆಲಸ. ಹೆಂಡತಿ ಸ್ವೀಡನ್ನಿನವಳು, ಅವಳಿಗೆ ಮೇಡಂ ಅನ್ನುತ್ತೇವೆ. ಅವಳು ಬೆಳಿಗ್ಗೆ ಏಳಕ್ಕೆ ಆಫೀಸಿಗೆ ಹೋದರೆ ಮಧ್ಯಾಹ್ನ ಇಳಿದು ಅಸರ್ ಬಾಂಗಿನ ಹೊತ್ತಿಗೆ ಬರುತ್ತಾಳೆ. ಅವರಿಗೆ ಮಕ್ಕಳಿಲ್ಲ. ಕೆಲಸಕ್ಕೆ ನನ್ನ ಜೊತೆ ಇರುವವನು ಡ್ರೈವರ್, ಉಪ್ಪಿನಂಗಡಿಯ ಬ್ಯಾರಿ, ನಲವತ್ತು ದಾಟಿದವನು, ಬಾಯಿ ಜಾಸ್ತಿ. ಆ ಗೋಡೆಗಳೊಳಗೆ ನನ್ನ ಹತ್ತಿರ ಕನ್ನಡ ಆಡುವವನು ಅವನೊಬ್ಬ.

ಮೇಡಂನ ತಂದೆ ಅಲ್ಲಿ ತೀರಿಹೋದ ಮೇಲೆ ಮೇಡಂ ತಾಯಿಯನ್ನು ಇಲ್ಲಿಗೆ ಕರೆಸಿಕೊಂಡಳು. ಮುದುಕಿ ಎರಡು ಪೆಟ್ಟಿಗೆ ತಂದಿದ್ದಳು. ಒಂದರ ತುಂಬ ಉಣ್ಣೆಯ ಬಟ್ಟೆ. ಜಿದ್ದಾಕ್ಕೆ ಉಣ್ಣೆ! ಇನ್ನೊಂದನ್ನು ಎತ್ತುವಾಗ ಡ್ರೈವರ್ ಸೊಂಟ ಹಿಡಿದುಕೊಂಡ.

"ಎಂತ ಉಮ್ಮಾ ಇದು? ಗಂಡನನ್ನೇ ಮಡಚಿ ಇಟ್ಟು ತಂದಿದ್ದಾರಾ ಹೇಗೆ?"

"ಸತ್ತವರ ಸುದ್ದಿ ನಿನಗೆ ತಮಾಷೆಯಾ? ಎತ್ತು."

ಒಳಗಿದ್ದದ್ದು ಪುಸ್ತಕ. ಕಥೆಯದ್ದಲ್ಲ, ಬರೀ ಶಬ್ದಗಳ ಅರ್ಥದ್ದು. ಅವಳು ಜೀವಮಾನವೆಲ್ಲ ಶಾಲೆಯಲ್ಲಿ ಮಕ್ಕಳಿಗೆ ಅವರ ಭಾಷೆ ಕಲಿಸಿದವಳಂತೆ. ಇಲ್ಲಿನ ಕೆಲಸದವರ ರೂಢಿಯಂತೆ ನಾನು ಅವಳನ್ನು ಮಾಮಾ ಕಬೀರಾ ಎಂದು ಕರೆದೆ, ದೊಡ್ಡ ಅಮ್ಮ ಎಂದು. ಅವಳಿದ್ದದ್ದು ಕೊಡೆಯ ಕಡ್ಡಿಯ ಹಾಗೆ.

ಕೋಣೆಯಲ್ಲಿ ಒಬ್ಬಳೇ ಕೂರಲು ಅವಳಿಗೆ ಆಗುತ್ತಿರಲಿಲ್ಲ. ಮೇಡಂ ಆಫೀಸಿಗೆ ಹೋದ ಕೂಡಲೇ ಅಡುಗೆಮನೆಗೆ ಬರುತ್ತಿದ್ದಳು, ನನ್ನ ಎದುರು ಕುರ್ಚಿ ಎಳೆದುಕೊಂಡು ಬೀನ್ಸಿನ ನಾರು ತೆಗೆಯುತ್ತಿದ್ದಳು. ಅವಳದು ಶಾಲೆಯ ಇಂಗ್ಲಿಷು, ನನ್ನದು ಅಡುಗೆಮನೆಯ ಇಂಗ್ಲಿಷು. ಎರಡೂ ಸಾಲದಿದ್ದರೆ ಕೈ. ಮಾತು ನಿಲ್ಲುತ್ತಿರಲಿಲ್ಲ. ಕೈಯಲ್ಲಿದ್ದದ್ದಕ್ಕೆಲ್ಲ ನಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳುವಳು. ಕೊತ್ತಂಬರಿ ಎಂದರೆ, ಯಾಕೆ ಕೊತ್ತಂಬರಿ ಎನ್ನುವಳು.

"ಯಾಕೆ ಅಂದರೆ? ಅದು ಕೊತ್ತಂಬರಿ, ಅಷ್ಟೆ."

"ಯಾವ ಶಬ್ದವೂ ಅಷ್ಟೆ ಅಲ್ಲ," ಅನ್ನುವಳು. "ಎಲ್ಲದಕ್ಕೂ ಅಪ್ಪ ಅಮ್ಮ ಇರುತ್ತಾರೆ."

ಒರ್ಕಾ ಎಂಬುದನ್ನು ನಾನು ಮೊದಲು ಕೇಳಿದ್ದು ಮೇಡಂನ ಬಾಯಲ್ಲಿ. ಆಫೀಸಿನಿಂದ ಬಂದು ಚೀಲ ಎಸೆದು "ಯಾ ಒರ್ಕಾರ್ ಇಂತೆ" ಎನ್ನುತ್ತಿದ್ದಳು. ಫೋನು ಹೊಡೆದುಕೊಂಡರೆ ಎತ್ತದೆ ಅದೇ ಮಾತು. ಮೆಟ್ಟಿಲ ಬುಡದಲ್ಲಿ ನಿಂತು ಅದೇ ಮಾತು. ಊಟಕ್ಕೆ ಕೂತಾಗ ಇನ್ನೊಂದು ತುಂಡು ಮೀನು ಹಾಕಲು ಹೋದರೆ ಕೈ ಅಡ್ಡ ಮಾಡಿ ಅದೇ ಮಾತು. ದಿನಕ್ಕೆ ಹತ್ತು ಸಲ ಕೇಳಿ ಕೇಳಿ ಒಂದು ದಿನ ಮುದುಕಿಯನ್ನು ಕೇಳಿದೆ, ಇದು ಎಂತ ಶಬ್ದ ಎಂದು.

ಅವಳು ಕೂತಲ್ಲೇ ನೆಟ್ಟಗಾದಳು. ನಾನು ಚಪಾತಿಗೆ ಹರಡಿದ್ದ ಹಿಟ್ಟಿನ ಮೇಲೆ ಬೆರಳಿನಿಂದ ಮೂರು ಗೆರೆ ಎಳೆದಳು. ಇದು ನಾವು, ಇದು ನಾರ್ವೆ, ಇದು ಡೆನ್ಮಾರ್ಕ್. ಮೂರು ಮನೆಯಲ್ಲೂ ಈ ಶಬ್ದ ಇದೆ, ಬಾಲದಲ್ಲಿ ಮಾತ್ರ ಚೂರು ವ್ಯತ್ಯಾಸ ಎಂದಳು. ದೂರದಲ್ಲಿ ಒಂದು ಚುಕ್ಕೆ ಇಟ್ಟಳು. ಅದು ಸಮುದ್ರದ ನಡುವಿನ ಐಸ್‌ಲ್ಯಾಂಡ್ ದೇಶ, ಅಲ್ಲಿ ಈ ಶಬ್ದಕ್ಕೆ ಶಕ್ತಿ ಎಂದೇ ಅರ್ಥ, ಕರೆಂಟು ಹುಟ್ಟಿಸುವ ಶಕ್ತಿಗೂ ಅದೇ ಶಬ್ದ. ಹಡಗು ಹತ್ತಿ ಊರೂರು ಅಲೆಯುತ್ತಿದ್ದ ಅವರ ಹಿರಿಯರ ಕಾಲದ ಮಾತಂತೆ. ಆಗ ಅದಕ್ಕೆ ಕೆಲಸ ಮಾಡು, ಮಾಡಿ ಮುಗಿಸು ಎಂಬ ಅರ್ಥವೂ ಇತ್ತಂತೆ. ಕೆಲಸಕ್ಕೆ ಅವರಲ್ಲಿರುವ ಒಂದು ಹಳೆಯ ಶಬ್ದ, ಕಸುಬಿಗೆ ಇರುವ ಶಬ್ದ, ಈ ಒರ್ಕಾ, ಎಲ್ಲ ಒಂದೇ ಬಳ್ಳಿಯ ಕಾಯಿ. ಬರುತ್ತಾ ಬರುತ್ತಾ ಕೆಲಸ ಉದುರಿಹೋಯಿತು. ಕೆಲಸಕ್ಕೆ ಮೈಯಲ್ಲೂ ಮನಸ್ಸಿನಲ್ಲೂ ಬೇಕಾಗುವ ತ್ರಾಣ ಮಾತ್ರ ಶಬ್ದದೊಳಗೆ ಉಳಿಯಿತು.

"ಹಾಗಾದರೆ ಇದು ಕೆಲಸದವರ ಶಬ್ದ," ಎಂದೆ.

"ಹೌದು, ಹುಟ್ಟಿನಲ್ಲಿ ಹಾಗೇ."

"ಮತ್ತೆ ಈ ಮನೆಯಲ್ಲಿ ಅದನ್ನು ಹೇಳುವುದು ಮೇಡಂ, ನಾನಲ್ಲ."

ಅವಳು ಕೆಮ್ಮು ಬರುವವರೆಗೆ ನಕ್ಕಳು. ಆಮೇಲೆ ನೀರಿನ ಜಗ್ಗನ್ನು ನನ್ನ ಮುಂದಿಟ್ಟು ಪಾಠ ಮಾಡಿದಳು. ಕೈ ಮುರಿದಿದೆ, ಜಗ್ಗು ಎತ್ತಲಾರೆ. ಅದಕ್ಕೆ ಅವರಲ್ಲಿ ಬೇರೆ ಮಾತು. ಕೈ ಗಟ್ಟಿ ಇದೆ, ಎತ್ತಲು ಮನಸ್ಸಿಲ್ಲ. ಅದಕ್ಕೂ ಬೇರೆ ಮಾತು. ಕೈಯೂ ಇದೆ, ಮನಸ್ಸೂ ಇದೆ, ಎರಡನ್ನು ಸೇರಿಸುವುದು ಯಾವುದೋ ಅದು ಒಳಗೆ ಮುಗಿದುಹೋಗಿದೆ. ಆಗ ಒರ್ಕಾರ್ ಇಂತೆ, ಒರ್ಕಾ ಇಲ್ಲ ಎಂದು. ಅವರಲ್ಲಿ ಯಾರಿಗಾದರೂ ಕೆಲಸ ಹೇಳುವ ಮುಂಚೆ "ಒರ್ಕಾರ್ ದೂ?" ಎಂದು ಕೇಳುವುದೂ ಉಂಟಂತೆ. ನಿನ್ನಲ್ಲಿ ಅಷ್ಟು ತ್ರಾಣ ಇದೆಯಾ ಎಂದು.

ನಮ್ಮ ಕಡೆ ಎಡಿಯುವುದಿಲ್ಲ ಎನ್ನುತ್ತಾರೆ, ಹೆಚ್ಚು ಕಮ್ಮಿ ಅದೇ ಎಂದೆ. ಅವಳು ಪುಸ್ತಕ ತಂದು ತನ್ನ ಅಕ್ಷರದಲ್ಲಿ ಬರೆದುಕೊಂಡಳು. ನೀನು ಅದನ್ನು ಯಾವಾಗ ಹೇಳುತ್ತಿ ಎಂದು ಕೇಳಿದಳು. ನಾನು ಹೇಳುವುದಿಲ್ಲ ಎಂದೆ. ಅವಳಿಗೆ ಅದು ತಲೆಗೆ ಹೋಗಲಿಲ್ಲ.

ಇಲ್ಲ ಎಂಬ ಮಾತು ಬಾಯಲ್ಲಿ ಬರಬಾರದು ಎಂದು ನಮ್ಮನ್ನು ಬೆಳೆಸಿದ್ದು. ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಾಗಿದೆ ಎನ್ನಬೇಕು. ಹೊರಡುವವನು ಹೋಗುತ್ತೇನೆ ಎನ್ನಬಾರದು, ಬರುತ್ತೇನೆ ಎನ್ನಬೇಕು. ಮನೆಯಲ್ಲಿ ಕಾಯಿಲೆಯವರಿದ್ದು ಯಾರಾದರೂ ವಿಚಾರಿಸಿದರೆ, ಉಸಿರು ಗಂಟಲಿಗೆ ಬಂದಿದ್ದರೂ ಪರವಾಗಿಲ್ಲ, ಗುಣ ಉಂಟು, ಈಗಷ್ಟೇ ಚೂರು ಗಂಜಿ ಕುಡಿದರು ಎನ್ನಬೇಕು. ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ಅದು ಕರೆದ ಹಾಗೆ, ಬಂದು ಕೂರುತ್ತದೆ. ನನ್ನ ಗಂಡ ಮಲಗಿದ್ದಾಗ ತಿಂಗಳುಗಟ್ಟಲೆ ಬಂದವರಿಗೆಲ್ಲ ಉಂಡರು ಉಂಡರು ಎಂದವಳು ನಾನು. ಬಂದವರಿಗೂ ಅದರ ಅರ್ಥ ಗೊತ್ತಿತ್ತು. ಅವರು ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು. ಫೋನಿನಲ್ಲಿ ಮುಖ ಇಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಆ ವರ್ಷ ರಂಜಾನ್ ಕಳೆದ ಮೇಲೆ ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆಗೆ ಆಪರೇಷನ್ ಆಯಿತು. ಮನೆಗೆ ತಂದು ಮಲಗಿಸಿದ ದಿನವೇ ಅವಳು ಮಗಳಿಗೆ ಹೇಳಿದಳು, ನನ್ನನ್ನು ಊರಿಗೆ ಕಳಿಸು. ಮೇಡಂ ಹೊರಗೆ ಹೋದ ಮೇಲೆ ನಾನು ಕೇಳಿದೆ.

"ಅಲ್ಲಿ ಯಾರಿದ್ದಾರೆ ನಿಮಗೆ? ಮನೆ ಮಾರಿ ಆಯಿತು, ಗಂಡ ಹೋದರು."

"ಯಾರೂ ಇಲ್ಲ," ಎಂದಳು. "ಅಲ್ಲಿ ಬಸ್ಸು ಓಡಿಸುವವನೂ ಒರ್ಕಾರ್ ಇಂತೆ ಎನ್ನುತ್ತಾನೆ. ಅಂಗಡಿಯವಳೂ ಎನ್ನುತ್ತಾಳೆ. ಸಾಯುವಾಗ ಕಿಟಕಿಯ ಹೊರಗೆ ಆ ಮಾತು ನಡೆಯುತ್ತಿರಬೇಕು. ಬೇರೆ ಏನೂ ಬೇಡ."

ಆಸ್ಪತ್ರೆಯವರು ಒಂದು ಷರತ್ತು ಹಾಕಿದರು. ಎರಡು ವಾರ ಸರಿಯಾಗಿ ಉಂಡು ಮೈಯಲ್ಲಿ ಬಲ ಬಂದರೆ ವಿಮಾನ ಹತ್ತಬಹುದು. ಮೇಡಂ ಟಿಕೆಟು ಮಾಡಿಸಿದಳು. ಮಂಚದ ಎದುರಿನ ಗೋಡೆಗೆ ಕ್ಯಾಲೆಂಡರ್ ತೂಗು ಹಾಕಿ ಆ ದಿನಕ್ಕೆ ಸುತ್ತು ಹಾಕಿದಳು. ನನ್ನನ್ನು ಕರೆದು ಹೇಳಿದಳು, "ಈಗ ಎಲ್ಲ ನಿನ್ನ ಕೈಯಲ್ಲಿದೆ. ಅವಳು ಉಣ್ಣಬೇಕು."

"ಆಗ್ತದೆ ಮೇಡಂ," ಎಂದೆ.

ಮೊದಲ ದಿನ ಮುದುಕಿ ಮೂರು ಚಮಚ ಸೂಪು ಕುಡಿದು ಬಾಯಿ ಮುಚ್ಚಿದಳು. ಮಧ್ಯಾಹ್ನ ಒಂದಕ್ಕೆ ಮೇಡಂನ ಫೋನು ಬಂತು.

"ಉಂಡಳಾ?"

"ಉಂಡರು ಮೇಡಂ. ತಮಾಮ್, ಎಲ್ಲ ಸರಿ."

ಫೋನು ಇಟ್ಟ ಮೇಲೆ ನೋಡಿದರೆ ಮುದುಕಿ ನನ್ನನ್ನೇ ನೋಡುತ್ತಿದ್ದಳು.

"ಯಾಕೆ ಹಾಗೆ ಹೇಳಿದೆ?"

"ನಾಳೆ ಉಣ್ಣುತ್ತೀರಲ್ಲ, ಅದಕ್ಕೆ."

"ಹೌದು," ಎಂದಳು. "ನಾಳೆ ಉಣ್ಣುತ್ತೇನೆ."

ಅವಳು ಹಟ ಮಾಡಲಿಲ್ಲ. ಉಣ್ಣಬೇಕೆಂದು ಅವಳಿಗೇ ಇತ್ತು, ಗೋಡೆಯ ಮೇಲಿನ ಸುತ್ತು ಅವಳ ಕಣ್ಣೆದುರೇ ಇತ್ತು. ಚಮಚ ತಂದರೆ ಬಾಯಿ ತೆರೆಯುವಳು. ಒಳಗೆ ಹೋದದ್ದು ಕೆನ್ನೆಯಲ್ಲೇ ಉಳಿಯುತ್ತಿತ್ತು. ನುಂಗಿ ಮಾಮಾ, ನುಂಗಿ ಎನ್ನುತ್ತಿದ್ದೆ. ಅವಳು ಕಣ್ಣು ಮುಚ್ಚಿ, ಕತ್ತು ಬಿಗಿದು, ದೊಡ್ಡ ಹೊರೆ ಎತ್ತುವವಳಂತೆ ಪ್ರಯತ್ನ ಮಾಡುವಳು. ಆಮೇಲೆ ಎಲ್ಲ ತುಟಿಯ ಅಂಚಿನಿಂದ ಹೊರಗೆ ಬರುತ್ತಿತ್ತು. ಒರೆಸುತ್ತಿದ್ದೆ. ಮತ್ತೆ ಬಾಯಿ ತೆರೆಯುವಳು. ಮತ್ತೆ ಅದೇ. ಒಂದು ಗಂಟೆ, ಎರಡು ಗಂಟೆ. ಕೊನೆಗೆ ಉಸಿರಿನಲ್ಲಿ ಆ ಎರಡು ಶಬ್ದ ಹೇಳಿ ಮುಖ ತಿರುಗಿಸುವಳು.

ಉಳಿದದ್ದನ್ನು ಚೆಲ್ಲುವ ಹಾಗಿಲ್ಲ, ಅನ್ನ ಚೆಲ್ಲಿದರೆ ಪಾಪ. ಬಟ್ಟಲು ತುಂಬಿದ ಹಾಗೇ ಅಡುಗೆಮನೆಯಲ್ಲಿ ಇಡುವ ಹಾಗೂ ಇಲ್ಲ, ಮೇಡಂ ನೋಡುತ್ತಾಳೆ. ನಾನೇ ತಿಂದೆ. ಅವಳ ಮಂಚದ ಪಕ್ಕದಲ್ಲಿ ಕೂತು, ಅವಳ ಚಮಚದಿಂದಲೇ. ನನ್ನ ಊಟ ಬೇರೆ ಇತ್ತು, ಅದನ್ನೂ ತಿಂದೆ. ಹನ್ನೊಂದು ದಿನ ಇಬ್ಬರ ಊಟ ಒಬ್ಬಳು ತಿಂದೆ. ರಜೆಯ ದಿನ ಮೇಡಂ ಮನೆಯಲ್ಲಿದ್ದಾಗಲೂ ಮಧ್ಯಾಹ್ನ ಉಣಿಸುವುದು ನಾನೇ, ಕೇಳಿದರೆ ಅದೇ ಉಂಡರು.

ಶುಕ್ರವಾರ ಬೆಳಿಗ್ಗೆ ಮುದುಕಿಯ ಹತ್ತಿರ ಮೇಡಂ ಇದ್ದಳು, ನಾನು ಡ್ರೈವರನ್ನು ಎಬ್ಬಿಸಿಕೊಂಡು ನಮ್ಮ ಕಡೆಯವರ ಅಂಗಡಿಗಳಿರುವ ಶರಫಿಯಾಕ್ಕೆ ಹೋದೆ. ಶುಕ್ರವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಲಯಾಳಿಯ ಅಂಗಡಿಯಲ್ಲಿ ಕುಚ್ಚಲಕ್ಕಿ ಸಿಕ್ಕಿತು, ಮಿಡಿ ಉಪ್ಪಿನಕಾಯಿ ಸಿಕ್ಕಿತು. ಸ್ವೀಡನ್ನಿನ ಗಂಟಲಲ್ಲಿ ಇಳಿಯದ್ದು ನಮ್ಮ ಗಂಜಿಯಾದರೆ ಇಳಿದೀತು ಎಂದು ನನ್ನ ಹುಚ್ಚು. ವಾಪಸು ಬರುವಾಗ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಉಮ್ಮಾ, ಒಂದು ಮಾತು ಕೇಳ್ತೇನೆ, ಬಯ್ಬೇಡಿ. ಮುದುಕಿ ಸೊರಗ್ತಾ ಉಂಟು, ನೀವು ಊದ್ತಾ ಇದ್ದೀರಿ. ಎಂತ ಕಥೆ ಇದು?"

"ರಸ್ತೆ ನೋಡು."

"ರಸ್ತೆ ನೋಡಿಯೇ ಹೇಳುದು ಮಾರಾಯ್ರೆ. ಅವ್ರು ತಿನ್ನುದಿಲ್ಲ ಅಲ್ವಾ? ಮೇಡಂಗೆ ಹೇಳಿಬಿಡಿ."

"ತಿಂತಾರೆ."

"ಎಲ್ಲಿ ತಿನ್ನುದು? ನಿನ್ನೆ ಬೆನ್ನಿಗೆ ದಿಂಬು ಇಡ್ಲಿಕ್ಕೆ ಎತ್ತಿದೆ ನಾನು. ಒಣಗಿದ ಬೂತಾಯಿ ಮೀನಿನ ಹಾಗೆ ಇದ್ದಾರೆ."

"ಬಾಯಿ ಮುಚ್ಚು. ಕೆಟ್ಟ ಬಾಯಲ್ಲಿ ಕೆಟ್ಟದ್ದೇ ಬರುವುದು. ನಾಳೆ ಗಂಜಿ ಕೊಡ್ತೇನೆ, ಸರಿಯಾಗ್ತದೆ."

"ಹೇಳದಿದ್ರೆ ಸರಿಯಾಗ್ತದಾ? ನಿಮ್ಮ ಬಾಯಿ ಒಳ್ಳೇದು ಅಂತ ಅವರ ಹೊಟ್ಟೆ ತುಂಬ್ತದಾ?"

ಸಿಗ್ನಲ್ಲಿನಲ್ಲಿ ಇಳಿದು ನಡೆದೇ ಹೋಗುತ್ತೇನೆ ಎಂದೆ. ಅವನು ರೇಡಿಯೋ ಹಾಕಿದ.

ಗಂಜಿ ಇಳಿಯಲಿಲ್ಲ. ಹಾಲು ಇಳಿಯಲಿಲ್ಲ. ಖರ್ಜೂರ ಅರೆದು ಕೊಟ್ಟೆ, ಮಕ್ಕಾದ ಝಮ್‌ಝಮ್ ನೀರು ಕೊಟ್ಟೆ. ನೀರು ಎರಡು ಗುಟುಕು ಇಳಿಯಿತು. ಪ್ರತಿ ನಮಾಜಿನಲ್ಲೂ ದುವಾ ಮಾಡಿದೆ. ದುವಾ ಮಾಡಿ ಎದ್ದು, ಒಂದು ಗಂಟೆಯ ಫೋನಿಗೆ ಸುಳ್ಳು ಹೇಳಿದೆ.

ಸಂಜೆ ಮೇಡಂ ತಾಯಿಯ ಹತ್ತಿರ ತಟ್ಟೆ ಹಿಡಿದು ಕೂರುತ್ತಿದ್ದಳು. ಮುದುಕಿ ಅವಳ ಎದುರು ಒಂದು ತುಣುಕು ಬ್ರೆಡ್ಡು ಮುರಿದು ಬಾಯಿಗಿಟ್ಟು, ತಟ್ಟೆ ಸರಿಸಿ, ಇನ್ನು ಒರ್ಕಾರ್ ಇಂತೆ ಎನ್ನುವಳು. ಹೊಟ್ಟೆ ತುಂಬಿದವರೂ ಅವರಲ್ಲಿ ಊಟದ ಮೇಜಿನಲ್ಲಿ ಹೇಳುವ ಮಾತು ಅದೇ. ಮೇಡಂ ನಗುವಳು, ಮಧ್ಯಾಹ್ನ ಜಾಸ್ತಿ ಉಂಡಿರಬೇಕು ಎಂದು ನನ್ನ ಕಡೆ ನೋಡುವಳು. ಆಪರೇಷನ್ ಆದವರು ಇಳಿದುಹೋಗುವುದು ಸಹಜ ಎಂದು ತನಗೆ ತಾನೇ ಹೇಳಿಕೊಳ್ಳುವಳು. ದಿನಬೆಳಗಾದರೆ ಆಡುವ ಮಾತು, ಅದಕ್ಕೇ ಅವಳ ಕಿವಿಗೆ ಅದು ಬೀಳಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಮನೆಯಲ್ಲಿ ಆ ಶಬ್ದದ ತಳ ಗೊತ್ತಿದ್ದ ಇನ್ನೊಬ್ಬಳು ನಾನೇ. ತಟ್ಟೆ ಎತ್ತಿಕೊಂಡು ಹೋದೆ.

ಹತ್ತನೆಯ ದಿನ ಹೇಳಿಬಿಡೋಣ ಅನ್ನಿಸಿತು. ಒಂಬತ್ತು ದಿನ ಉಂಡರು ಎಂದವಳು ಹತ್ತನೆಯ ದಿನ ಇಲ್ಲ ಎಂದರೆ, ಒಂಬತ್ತು ದಿನದ್ದೂ ಹೊರಗೆ ಬೀಳುತ್ತದೆ. ಅಲ್ಲಿಂದಾಚೆಗೆ ಅದು ನಮ್ಮ ಪದ್ಧತಿಯೂ ಅಲ್ಲ, ಮಣ್ಣೂ ಅಲ್ಲ. ಬರೀ ಹೆದರಿಕೆ.

ಹನ್ನೆರಡನೆಯ ದಿನ ಬೆಳಿಗ್ಗೆ ಅವಳು ಏಳಲಿಲ್ಲ. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಿದ್ದಳು. ಮೇಡಂ ಅಷ್ಟರಲ್ಲಿ ಆಫೀಸಿಗೆ ಹೋಗಿಯಾಗಿತ್ತು. ನಾನು ಕೂಗಿದೆ. ಡ್ರೈವರ್ ಓಡಿ ಬಂದು ಅವಳನ್ನು ಒಬ್ಬನೇ ಎತ್ತಿಕೊಂಡ. ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಈಜಿಪ್ಟಿನ ಹೆಂಗಸು. ಬಾಟಲಿಯ ನೀರು ಹಾಕಿದ ಮೇಲೆ ಮುದುಕಿಗೆ ಚೂರು ಎಚ್ಚರ ಬಂತು. ಅಷ್ಟರಲ್ಲಿ ಮೇಡಂ ಬಂದಳು. ಅವಳು ಡಾಕ್ಟರಿಗೆ ಹೇಳುತ್ತಿದ್ದಳು, ಅಮ್ಮ ಚೆನ್ನಾಗಿಯೇ ಉಣ್ಣುತ್ತಿದ್ದಳು, ದಿನಾ ವಿಚಾರಿಸಿದ್ದೇನೆ, ಬೇಕಾದರೆ ಇವಳನ್ನು ಕೇಳಿ. ಬೆರಳು ನನ್ನ ಕಡೆ ತಿರುಗಿತು.

ಡಾಕ್ಟರು ನನ್ನನ್ನು ಮಂಚದ ಹತ್ತಿರ ಕರೆದು ಅರಬ್ಬಿಯಲ್ಲಿ ಕೇಳಿದರು.

"ಊಟ ಬಿಟ್ಟು ಎಷ್ಟು ದಿನ? ಸರಿಯಾಗಿ ಹೇಳು, ಅಮ್ಮ. ಒಂದೆರಡು ದಿನದ್ದಾದರೆ ಈ ನೀರು ಸಾಕು, ವಿಮಾನಕ್ಕೂ ನಾನು ತಡೆ ಹಾಕುವುದಿಲ್ಲ. ಹೆಚ್ಚು ದಿನದ್ದಾದರೆ ಎಲ್ಲ ಬೇರೆ. ಬಹಳ ದಿನ ಖಾಲಿ ಇದ್ದ ಮೈಗೆ ಒಮ್ಮೆಗೇ ಆಹಾರ ಕೊಟ್ಟರೆ ಹೃದಯ ನಿಲ್ಲುತ್ತದೆ. ಆಗ ಪ್ರಯಾಣದ ಮಾತೇ ಇಲ್ಲ."

ಟಿಕೆಟಿನ ದಿನಕ್ಕೆ ಮೂರು ದಿನ ಉಳಿದಿತ್ತು. ಇಷ್ಟು ದಿನ ನಾನು ಹೇಳಿದ ಸುಳ್ಳು ಅವಳನ್ನು ಈ ಮಂಚಕ್ಕೆ ತಂದಿತ್ತು. ಇನ್ನೊಂದು ಸುಳ್ಳು ಹೇಳಿದರೆ ಅವಳು ವಿಮಾನ ಹತ್ತಬಹುದು, ಅಥವಾ ಇಲ್ಲೇ, ಇವತ್ತೇ, ಹೊಟ್ಟೆಗೆ ಬಿದ್ದದ್ದರಿಂದಲೇ ಸಾಯಬಹುದು. ನಿಜ ಹೇಳಿದರೆ ಬದುಕುತ್ತಾಳೆ, ಊರು ಕಾಣುವುದಿಲ್ಲ. ಮುದುಕಿಗೆ ಅರಬ್ಬಿ ಬರುತ್ತಿರಲಿಲ್ಲ. ಆದರೂ ಏನು ಕೇಳುತ್ತಿದ್ದಾರೆಂದು ಅವಳಿಗೆ ಗೊತ್ತಾಗಿತ್ತು. ನನ್ನ ಕೈ ಮುಟ್ಟಿದಳು. ಬೆರಳು ತಣ್ಣಗಿತ್ತು.

"ಒರ್ಕಾರ್ ದೂ?" ಎಂದಳು.

ಸುಳ್ಳು ಹೇಳುವ ತ್ರಾಣ ಇದೆಯಾ ಎಂದು ಕೇಳಿದಳೋ, ನಿಜ ಹೇಳುವ ತ್ರಾಣ ಇದೆಯಾ ಎಂದು ಕೇಳಿದಳೋ, ನನಗೆ ಇವತ್ತಿಗೂ ತಿಳಿಯದು. ಅವಳನ್ನು ಕೇಳಲೂ ಇಲ್ಲ.

"ಹನ್ನೊಂದು ದಿನ," ಎಂದೆ ಡಾಕ್ಟರಿಗೆ. "ದಿನಕ್ಕೆ ಎರಡು ಮೂರು ಚಮಚ. ಉಳಿದದ್ದು ನಾನು ತಿಂದೆ."

ಡಾಕ್ಟರು ನರ್ಸಿಗೆ ಕೂಗಿ ಏನನ್ನೋ ನಿಲ್ಲಿಸಿದರು. ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡು ಗೋಡೆಯ ಕಡೆ ತಿರುಗಿದಳು.

ಮೇಡಂ ನನ್ನನ್ನು ಹೊರಗೆ ಕರೆದುಕೊಂಡು ಹೋದಳು. ಕೂಗುತ್ತಾಳೆ ಎಂದುಕೊಂಡೆ. ಕೂಗಲಿಲ್ಲ.

"ದಿನಾ ಕೇಳಿದೆ ನಿನ್ನನ್ನು."

"ಹೌದು."

"ದಿನಾ ಹೇಳಿದೆ ನನಗೆ, ಉಂಡಳು ಎಂದು."

"ಹೌದು."

"ಯಾಕೆ?"

ಇಲ್ಲ ಎಂದು ಹೇಳಬಾರದು ಅಂತ ನಮ್ಮಲ್ಲಿ, ಹೇಳಿದರೆ ಕೆಟ್ಟದ್ದು ಬರುತ್ತದೆ ಎಂದೆ. ಇಂಗ್ಲಿಷಿನಲ್ಲಿ ಹೇಳಿದೆ, ಅರಬ್ಬಿಯಲ್ಲಿ ಹೇಳಿದೆ. ಎರಡರಲ್ಲೂ ಅದು ಪೆದ್ದು ಮಾತಿನ ಹಾಗೆ ಕೇಳಿಸಿತು.

"ಅದು ಬಂದೇ ಇತ್ತು," ಎಂದಳು ಮೇಡಂ. "ನನ್ನ ಮನೆಯೊಳಗೇ ಇತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ." ಆಮೇಲೆ ಆಸ್ಪತ್ರೆಯ ನೆಲದ ಮೇಲೇ ಕೂತುಬಿಟ್ಟಳು. ನಾನು ಪಕ್ಕದಲ್ಲಿ ನಿಂತೆ. ಎಬ್ಬಿಸಿ ಸಮಾಧಾನ ಮಾಡುವ ಹಕ್ಕು ನನಗಿರಲಿಲ್ಲ.

ಅವಳು ನನ್ನನ್ನು ಊರಿಗೆ ಅಟ್ಟಲಿಲ್ಲ. ಅಟ್ಟಿದ್ದರೆ ಒಳ್ಳೆಯದಿತ್ತು. ಮುದುಕಿಗೆ ಮೂಗಿನಲ್ಲಿ ನಳಿಗೆ ಹಾಕಿ ಹನಿ ಹನಿಯಾಗಿ ಕೊಟ್ಟು ಮೂರು ವಾರ ಇಟ್ಟುಕೊಂಡರು. ಟಿಕೆಟಿನ ದಿನ ಹೋಯಿತು. ನಳಿಗೆ ತೆಗೆದು ಮನೆಗೆ ಕಳಿಸಿದಾಗ, ನೋಡಿಕೊಳ್ಳಲು ಮತ್ತೆ ನಾನೇ. ನರ್ಸು ಬೇಡವೆಂದು ಮುದುಕಿಯೇ ಹೇಳಿದಳಂತೆ. ಆದರೆ ನನ್ನ ಹತ್ತಿರ ಮಾತು ಬಿಟ್ಟಳು. ಯಾವ ಸಾಮಾನಿಗೆ ನಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳಲಿಲ್ಲ. ಬಾಯಿ ತೆರೆಯುವಳು, ಮುಚ್ಚುವಳು, ಅಷ್ಟೆ. ಈಗ ಒಂದು ಗಂಟೆಯ ಫೋನಿಗೆ ನಾನು ಚಮಚದ ಲೆಕ್ಕ ಹೇಳುತ್ತಿದ್ದೆ. ಎರಡು ಚಮಚ. ಒಂದೂವರೆ. ಡ್ರೈವರ್ ಕೇಳಿಸಿಕೊಂಡು ಹೇಳಿದ, "ಉಮ್ಮಾ, ನೀವು ಈಗ ನಿಜ ಹೇಳುದು ಪೊಲೀಸ್ ಸ್ಟೇಷನ್ನಲ್ಲಿ ಹೇಳಿದ ಹಾಗೆ ಆಯ್ತು." ಹಾಗೇ ಇತ್ತು.

ಬಾಬಾ ರಿಯಾದಿನಿಂದಲೇ ಓಡಾಡಿ ಇನ್ನೊಂದು ದಾರಿ ಹುಡುಕಿದ. ವಿಮಾನದಲ್ಲಿ ಸೀಟು ಮಡಚಿ ಮಲಗಿಸಿ, ಜೊತೆಗೆ ನರ್ಸು ಇಟ್ಟು ಕರೆದುಕೊಂಡು ಹೋಗುವುದು. ಅದಕ್ಕೆ ವಿಮಾನದವರ ಡಾಕ್ಟರು ಒಪ್ಪಬೇಕು, ಆಸ್ಪತ್ರೆಯ ಡಾಕ್ಟರು ಒಪ್ಪಬೇಕು, ಕಾಗದ ಬರಬೇಕು. ದಿನ ಹೋಯಿತು. ಒಂದು ಬುಧವಾರ ಮುದುಕಿ ಬಾಯಿಯೇ ತೆರೆಯಲಿಲ್ಲ. ಒಂದಕ್ಕೆ ಫೋನು ಬಂತು.

"ಎಷ್ಟು?"

"ಇಲ್ಲ ಮೇಡಂ."

"ಒಂದೂ?"

"ಒಂದೂ ಇಲ್ಲ. ನೀರೂ ಇಲ್ಲ."

ಒತ್ತಾಯ ಮಾಡಲಾ ಎಂದು ನಾನು ಕೇಳಿದೆ.

"ಬೇಡ," ಎಂದಳು. "ಬಿಟ್ಟು ಬಿಡು. ನಾನು ಬರುತ್ತೇನೆ."

ಅವಳು ಬಂದು ಶೂ ಬಿಚ್ಚದೆ ತಾಯಿಯ ಪಕ್ಕದಲ್ಲಿ ಮಲಗಿದಳು. ಅವರ ಭಾಷೆಯಲ್ಲಿ ಮೆಲ್ಲಗೆ ಮಾತಾಡುತ್ತಾ ಇದ್ದಳು, ಅಸರ್ ಆದರೂ, ಹೊತ್ತು ಮುಳುಗಿ ಮಗ್ರಿಬ್ ಆದರೂ ನಿಲ್ಲಿಸಲಿಲ್ಲ. ಮರುದಿನವೂ ಹಾಗೇ. ಕಿಟಕಿಯ ಹೊರಗಿನಿಂದ ಬರಬೇಕಾಗಿದ್ದದ್ದನ್ನೆಲ್ಲ ಅವಳೊಬ್ಬಳೇ ಆಡುತ್ತಿದ್ದಳು. ಶನಿವಾರ ಮಧ್ಯಾಹ್ನ ಝೊಹರಿನ ಹೊತ್ತಿಗೆ ಮುದುಕಿಯ ಉಸಿರು ನಿಂತಿತು. ವಿಮಾನದವರ ಕಾಗದ ಬಂದದ್ದು ಭಾನುವಾರ.

ಶವದ ಪೆಟ್ಟಿಗೆಯನ್ನು ಅವಳ ಊರಿಗೆ ಕಳಿಸುವ ಕಾಗದಕ್ಕಾಗಿ ಸೋಮವಾರ ಆಸ್ಪತ್ರೆಗೆ ಹೋದೆವು. ಮೇಡಂ ಕೌಂಟರಿನಲ್ಲಿ ಸಹಿ ಹಾಕುತ್ತಿದ್ದಳು. ಈಜಿಪ್ಟಿನ ಡಾಕ್ಟರು ಎದುರು ಸಿಕ್ಕಿದರು. ನಾನು ತಡೆದು ಕೇಳಿದೆ. ಮೂರನೆಯ ದಿನವೇ ನಾನು ಹೇಳಿದ್ದರೆ ಮುದುಕಿ ಊರಿಗೆ ಹೋಗುತ್ತಿದ್ದಳಾ?

ಅವರು ನನ್ನ ಮುಖ ನೋಡಿದರು. "ಆಗಲೇ ಬಂದಿದ್ದರೆ ನೀರು ಕೊಟ್ಟು, ಎರಡು ದಿನ ಇಟ್ಟುಕೊಂಡು, ಮಲಗಿಸಿ ಕಳಿಸಬಹುದಿತ್ತು," ಎಂದರು. "ತಲುಪುತ್ತಿದ್ದಳು. ಅಲ್ಲಿ ಎಷ್ಟು ದಿನ ಬದುಕುತ್ತಿದ್ದಳೋ, ಅದು ಬೇರೆ."

ಮೇಡಂ ದೂರದಿಂದ ನೋಡಿದ್ದಳು. ಹತ್ತಿರ ಹೋದಾಗ ತಲೆ ಎತ್ತದೆ ಕೇಳಿದಳು, ಡಾಕ್ಟರು ಏನೆಂದರು ಎಂದು.

ಏನೂ ಇಲ್ಲ ಎನ್ನಬಹುದಿತ್ತು. ಅವಳ ಆ ದಿನ ಹಾಗೇ ಕಳೆಯಬಹುದಿತ್ತು. ನಾನು ಕೇಳಿದ್ದನ್ನೂ ಹೇಳಿದೆ, ಅವರು ಹೇಳಿದ್ದನ್ನೂ ಹೇಳಿದೆ, ಒಂದಕ್ಷರ ಬಿಡದೆ.

ಅವಳ ಪೆನ್ನು ನಿಂತಿತು. ಕೌಂಟರಿನವನು ಇನ್ನೂ ಮೂರು ಕಾಗದ ಇದೆ ಎಂದ. ಮೂರಕ್ಕೂ ಸಹಿ ಹಾಕಿದಳು.